ಶೇರ್ಡ್ ಲೈಬ್ರರಿಗಳು ಮತ್ತು ಪ್ರೋಗ್ರಾಮಿನ ವೇಗ: ಪದೇ ಪದೇ ಕೇಳುವ ಪ್ರಶ್ನೆಗಳು

ಯುನಿಕ್ಸ್ ಮಾದರಿಯ ಆಪರೇಟಿಂಗ್ ಸಿಸ್ಟಂಗಳಲ್ಲಿ, ಮುಖ್ಯವಾಗಿ ಇಎಲ್‌ಎಫ್ ಎಂಬ ಪ್ರೋಗ್ರಾಂ ಕಡತಗಳ ವಿನ್ಯಾಸವನ್ನು ಬಳಸುವ ಲಿನಕ್ಸ್ ಮತ್ತು ಬಿಎಸ್‌ಡಿಗಳಲ್ಲಿ, ಶೇರ್ಡ್ ಲೈಬ್ರರಿಗಳು, ಅಂದರೆ ಹಲವು ಪ್ರೋಗ್ರಾಮುಗಳು ಓಡುವಾಗ ಹಂಚಿಕೊಂಡು ಬಳಸುವ ಕೋಡಿನ ಕಡತಗಳು, ವೇಗ ಮತ್ತು ಮೆಮೊರಿಯ ಮೇಲೆ ಬೀರುವ ಪರಿಣಾಮದ ಬಗ್ಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದು, ಕಂಪೈಲ್ ಮಾಡಿ, ಲಿಂಕ್ ಮಾಡಿದ ಅನುಭವ ಓದುಗರಿಗೆ ಇದೆಯೆಂದು ಭಾವಿಸಲಾಗಿದೆ.

ಶೇರ್ಡ್ ಲೈಬ್ರರಿ ಬಳಸಿದರೆ ಪ್ರೋಗ್ರಾಂ ನಿಧಾನವಾಗುತ್ತದೆಯೇ?

ಆಗುತ್ತದೆ, ಆದರೆ ಎಲ್ಲಿ ನಿಧಾನವಾಗುತ್ತದೆ ಎಂಬುದನ್ನು ಬಿಡಿಸಿ ನೋಡದೆ ಈ ಉತ್ತರದಿಂದ ಪ್ರಯೋಜನವಿಲ್ಲ. ವೆಚ್ಚವು ಮೂರು ಬೇರೆ ಬೇರೆ ಕಡೆ ಬೀಳುತ್ತದೆ. ಪ್ರೋಗ್ರಾಂ ಶುರುವಾಗುವಾಗ ಲೈಬ್ರರಿಗಳನ್ನು ಹುಡುಕಿ, ಮೆಮೊರಿಗೆ ತಂದು, ವಿಳಾಸಗಳನ್ನು ತಿದ್ದುವ ಕೆಲಸ ಒಂದು. ಓಡುತ್ತಿರುವಾಗ ಪ್ರತಿ ಕರೆಗೂ ಒಂದು ಹೆಚ್ಚುವರಿ ನೆಗೆತ ಬೀಳುವುದು ಮತ್ತು ಕಂಪೈಲರಿಗೆ ಫಂಕ್ಷನ್ನಿನ ಒಳಗನ್ನು ನೋಡಿ ಕೋಡನ್ನು ಚುರುಕುಗೊಳಿಸಲು ಆಗದಿರುವುದು ಇನ್ನೊಂದು. ಪ್ರತಿ ಪ್ರೊಸೆಸ್ಸಿಗೂ ಪ್ರತ್ಯೇಕವಾಗಿ ಉಳಿಯುವ ಮೆಮೊರಿ ಪುಟಗಳು ಮೂರನೆಯದು. ತಿಂಗಳುಗಟ್ಟಲೆ ಓಡುವ ಡೇಟಾಬೇಸ್ ಸರ್ವರಿಗೆ ಮೊದಲನೆಯದು ಲೆಕ್ಕಕ್ಕೇ ಇಲ್ಲ. ಸಾವಿರಾರು ಸಣ್ಣ ಆದೇಶಗಳನ್ನು ಒಂದರ ಹಿಂದೆ ಒಂದು ಓಡಿಸುವ ಶೆಲ್ ಸ್ಕ್ರಿಪ್ಟಿಗೆ ಅದೇ ಮುಖ್ಯ.

ಇನ್ನೊಂದು ಮಾತನ್ನು ಆರಂಭದಲ್ಲೇ ಹೇಳಿಬಿಡಬೇಕು. ಜನರು ಹಂಚಿಕೆಯ ಲೆಕ್ಕಕ್ಕೆ ಬರೆಯುವ ವೆಚ್ಚದ ದೊಡ್ಡ ಪಾಲು ವಾಸ್ತವವಾಗಿ ಹಂಚಿಕೆಯದ್ದಲ್ಲ. ಯಾವುದೇ ಸಿಂಬಲ್ಲನ್ನು (ಫಂಕ್ಷನ್ ಅಥವಾ ವೇರಿಯಬಲ್ಲಿನ ಹೆಸರನ್ನು) ಬೇರೊಂದು ಕಡತ ಅಡ್ಡಗಟ್ಟಿ ತನ್ನದನ್ನು ಮುಂದಿಡಬಹುದು ಎಂಬ ಇಎಲ್‌ಎಫ್ ನಿಯಮದ್ದು. ಈ ಎರಡನ್ನು ಬೇರ್ಪಡಿಸಿ ನೋಡಿದರೆ ಪರಿಹಾರಗಳು ಸುಲಭವಾಗಿ ಕಾಣುತ್ತವೆ.

ಶೇರ್ಡ್ ಲೈಬ್ರರಿಗಳು ಮೊದಲಿನಿಂದಲೂ ಹೀಗೆಯೇ ಇದ್ದವೇ?

ಇಲ್ಲ. ಯುನಿಕ್ಸ್ ಸಿಸ್ಟಂ ವಿ ಮೂರನೆಯ ಬಿಡುಗಡೆಯಲ್ಲಿ ಮತ್ತು ಲಿನಕ್ಸಿನ ಆರಂಭದ ವರ್ಷಗಳ ಎ.ಔಟ್ ವಿನ್ಯಾಸದಲ್ಲಿ ಪ್ರತಿ ಲೈಬ್ರರಿಗೂ ಮೊದಲೇ ಗೊತ್ತುಪಡಿಸಿದ ಸ್ಥಿರ ವಿಳಾಸವಿರುತ್ತಿತ್ತು. ತಿದ್ದುವ ಕೆಲಸ ಬಹುತೇಕ ಇರಲಿಲ್ಲವಾದ್ದರಿಂದ ಅದು ವೇಗವಾಗಿಯೇ ಇತ್ತು. ಆದರೆ ಯಾವ ಲೈಬ್ರರಿಗೆ ಯಾವ ವಿಳಾಸ ಎಂಬುದನ್ನು ಯಾರಾದರೂ ಒಂದೆಡೆ ಕುಳಿತು ಹಂಚಬೇಕಿತ್ತು, ಮತ್ತು ಲೈಬ್ರರಿ ತನಗೆ ಮೀಸಲಾದ ಜಾಗವನ್ನು ಮೀರಿ ಬೆಳೆದರೆ ಎಲ್ಲವೂ ಏರುಪೇರಾಗುತ್ತಿತ್ತು. 1988ರಲ್ಲಿ ಬಂದ ಸನ್ಓಎಸ್ 4.0, ಕಡತಗಳನ್ನು ನೇರವಾಗಿ ಮೆಮೊರಿಗೆ ಮ್ಯಾಪ್ ಮಾಡುವ ಎಂಮ್ಯಾಪ್ ಸೌಲಭ್ಯದ ಮೇಲೆ, ಯಾವ ವಿಳಾಸದಲ್ಲಾದರೂ ಕೂರಬಲ್ಲ ಲೈಬ್ರರಿಗಳನ್ನು ತಂದಿತು. ಇಂದಿನ ಇಎಲ್‌ಎಫ್ ವ್ಯವಸ್ಥೆ ಅದೇ ದಾರಿಯದ್ದು. ಇಂದು ವಿಳಾಸಗಳನ್ನು ಪ್ರತಿ ಬಾರಿಯೂ ಯಾದೃಚ್ಛಿಕವಾಗಿ ಬದಲಿಸುವ ಭದ್ರತಾ ಕ್ರಮ ಎಲ್ಲೆಡೆ ಇರುವುದರಿಂದ ಸ್ಥಿರ ವಿಳಾಸಕ್ಕೆ ಹಿಂದಿರುಗುವ ಪ್ರಶ್ನೆಯೇ ಇಲ್ಲ.

ಲೈಬ್ರರಿಯ ಫಂಕ್ಷನ್ನನ್ನು ಕರೆದಾಗ ನಿಜವಾಗಿ ಏನು ನಡೆಯುತ್ತದೆ?

ನಿಮ್ಮ ಪ್ರೋಗ್ರಾಂ ಪ್ರಿಂಟ್ಎಫ್ ಅನ್ನು ಕರೆಯುತ್ತದೆ ಎಂದಿಟ್ಟುಕೊಳ್ಳಿ. ಲಿಂಕ್ ಮಾಡುವ ಹೊತ್ತಿಗೆ ಅದರ ವಿಳಾಸ ಗೊತ್ತಿರುವುದಿಲ್ಲ. ಆದ್ದರಿಂದ ಲಿಂಕರ್ ಆ ಕರೆಯನ್ನು ನಿಮ್ಮ ಪ್ರೋಗ್ರಾಮಿನಲ್ಲೇ ಇರುವ ಪಿಎಲ್‌ಟಿ ಎಂಬ ಭಾಗದ ಒಂದು ಪುಟ್ಟ ತುಣುಕಿಗೆ ತಿರುಗಿಸುತ್ತದೆ. ಆ ತುಣುಕು ಮಾಡುವ ಮೊದಲ ಕೆಲಸ, ಜಿಓಟಿ ಎಂಬ ಕೋಷ್ಟಕದ ಒಂದು ಮನೆಯಿಂದ ವಿಳಾಸವನ್ನು ಓದಿ ಅಲ್ಲಿಗೆ ನೆಗೆಯುವುದು. ಮೊದಲ ಬಾರಿ ಆ ಮನೆಯಲ್ಲಿರುವುದು ಪ್ರಿಂಟ್ಎಫ್‌ನ ವಿಳಾಸವಲ್ಲ, ಅದೇ ತುಣುಕಿನ ಮುಂದಿನ ಸಾಲಿನ ವಿಳಾಸ. ಹಾಗಾಗಿ ನಿಯಂತ್ರಣ ಅಲ್ಲಿಗೇ ಮರಳುತ್ತದೆ, ಆ ಸಾಲು ಒಂದು ಕ್ರಮಸಂಖ್ಯೆಯನ್ನು ಸ್ಟ್ಯಾಕಿಗೆ ತಳ್ಳುತ್ತದೆ, ಮತ್ತು ಪ್ರೋಗ್ರಾಂ ಓಡುವಾಗ ಲೈಬ್ರರಿಗಳನ್ನು ಜೋಡಿಸುವ ಡೈನಾಮಿಕ್ ಲಿಂಕರಿನ ಹುಡುಕುವ ಕೋಡು ಓಡುತ್ತದೆ. ಅದು ರಿಜಿಸ್ಟರುಗಳನ್ನೆಲ್ಲ ಕಾಪಿಟ್ಟು, ಪ್ರಿಂಟ್ಎಫ್ ಎಂಬ ಹೆಸರನ್ನು ಲೋಡ್ ಆಗಿರುವ ಕಡತಗಳಲ್ಲಿ ಸರದಿಯಂತೆ ಹುಡುಕಿ, ಸಿಕ್ಕ ವಿಳಾಸವನ್ನು ಜಿಓಟಿಯ ಮನೆಯಲ್ಲಿ ಬರೆದು, ನಂತರ ಪ್ರಿಂಟ್ಎಫ್‌ಗೆ ನೆಗೆಯುತ್ತದೆ. ಎರಡನೆಯ ಕರೆಯಿಂದ ಮುಂದೆ ಇರುವುದು ಒಂದು ಮೆಮೊರಿ ಓದು ಮತ್ತು ಒಂದು ಪರೋಕ್ಷ ನೆಗೆತ ಮಾತ್ರ.

ಆ ಎರಡನೆಯ ಹಂತದ ವೆಚ್ಚ ಬಹಳ ಸಣ್ಣದು. ಪ್ರೊಸೆಸರು ಪರೋಕ್ಷ ನೆಗೆತಗಳ ಗುರಿಯನ್ನು ಮೊದಲೇ ಊಹಿಸುತ್ತದೆ, ಮತ್ತು ಪಿಎಲ್‌ಟಿಯ ಗುರಿ ಒಮ್ಮೆ ಗೊತ್ತಾದ ಮೇಲೆ ಬದಲಾಗುವುದಿಲ್ಲ. ಪ್ರಿಂಟ್ಎಫ್‌ನಂತಹ ಭಾರದ ಫಂಕ್ಷನ್ನಿಗೆ ಇದು ಗಮನಕ್ಕೇ ಬಾರದು. ಎರಡು ಸಂಖ್ಯೆಗಳನ್ನು ಹೋಲಿಸಿ ಹಿಂದಿರುಗುವ ಫಂಕ್ಷನ್ನನ್ನು ಒಳಗಿನ ಲೂಪಿನಲ್ಲಿ ಕೋಟಿ ಬಾರಿ ಕರೆದರೆ ಮಾತು ಬೇರೆ. ಆದರೆ ಅಲ್ಲಿ ನಿಜವಾದ ನಷ್ಟ ನೆಗೆತದ್ದಲ್ಲ, ಆ ಫಂಕ್ಷನ್ನು ಕರೆದ ಜಾಗದಲ್ಲೇ ಕರಗಿಹೋಗದೆ ಪ್ರತ್ಯೇಕ ಕರೆಯಾಗಿ ಉಳಿಯುವುದರದ್ದು. ಲೈಬ್ರರಿಯ ಗಡಿಯನ್ನು ದಾಟಿ ಇನ್‌ಲೈನ್ ಮಾಡಲು ಕಂಪೈಲರಿಗೆ ಸಾಧ್ಯವಿಲ್ಲ. ಅಂತಹ ಫಂಕ್ಷನ್ನುಗಳನ್ನು ಹೆಡರ್ ಕಡತದಲ್ಲಿಡುವುದೇ ಸರಿಯಾದ ಪರಿಹಾರ.

ವಿಳಾಸಕ್ಕೆ ಅಂಟಿಕೊಳ್ಳದ ಕೋಡು, ಅಂದರೆ ‘-ಎಫ್‌ಪಿಕ್’ ಕೊಟ್ಟು ಕಂಪೈಲ್ ಮಾಡಿದ ಕೋಡು, ಎಷ್ಟು ನಿಧಾನ?

ಇದು ಪ್ರೊಸೆಸರನ್ನು ಅವಲಂಬಿಸಿದೆ. 32 ಬಿಟ್ಟಿನ ಎಕ್ಸ್86ನಲ್ಲಿ ‘ನಾನೀಗ ಎಲ್ಲಿದ್ದೇನೆ’ ಎಂದು ತಿಳಿಯಲು ನೇರ ಉಪಾಯವಿರಲಿಲ್ಲ. ಒಂದು ಸಣ್ಣ ಫಂಕ್ಷನ್ನನ್ನು ಕರೆದು, ಹಿಂದಿರುಗುವ ವಿಳಾಸವನ್ನು ಸ್ಟ್ಯಾಕಿನಿಂದ ಓದಿ, ಅದನ್ನು ಸಾಮಾನ್ಯವಾಗಿ ಇಬಿಎಕ್ಸ್ ರಿಜಿಸ್ಟರಿನಲ್ಲಿ ಇಟ್ಟುಕೊಳ್ಳಬೇಕಿತ್ತು. ಇರುವುದೇ ಎಂಟು ರಿಜಿಸ್ಟರು, ಅವುಗಳಲ್ಲಿ ಒಂದು ಸ್ಟ್ಯಾಕಿಗೆ ಮೀಸಲು. ಇನ್ನೊಂದು ಹೀಗೆ ಹೋದರೆ ಬಿಗಿಯಾದ ಲೂಪುಗಳಿಗೆ ಪೆಟ್ಟು ಬೀಳುತ್ತಿತ್ತು. ಎಕ್ಸ್86-64ರಲ್ಲಿ ಪ್ರಸ್ತುತ ಸೂಚನೆಯ ವಿಳಾಸದಿಂದ ಇಷ್ಟು ದೂರ ಎಂದು ನೇರವಾಗಿ ಹೇಳುವ ಸೌಲಭ್ಯ ಬಂದ ಮೇಲೆ ಈ ನಷ್ಟ ಬಹುಪಾಲು ಮಾಯವಾಯಿತು. ‘ಶೇರ್ಡ್ ಲೈಬ್ರರಿ ಎಂದರೆ ನಿಧಾನ’ ಎಂಬ ಹಳೆಯ ಅಭಿಪ್ರಾಯದ ಒಂದು ಬೇರು ಆ 32 ಬಿಟ್ಟಿನ ಕಾಲದ್ದು. ಇಂದಿನ ಯಂತ್ರಗಳಿಗೆ ಅದನ್ನು ಹಾಗೆಯೇ ಅನ್ವಯಿಸಬಾರದು.

ಲೈಬ್ರರಿಯು ತನ್ನದೇ ಒಳಗಿನ ಫಂಕ್ಷನ್ನನ್ನು ಕರೆಯುವಾಗಲೂ ಪಿಎಲ್‌ಟಿಯ ಮೂಲಕ ಹೋಗುವುದೇಕೆ?

ಅಡ್ಡಗಟ್ಟುವ ನಿಯಮ ಪೂರ್ತಿಯಾಗಿ ಕಾಣಿಸುವುದು ಇಲ್ಲಿಯೇ. ಲೈಬ್ರರಿಯ ಕೋಡು ಲಿಂಕ್ ಮಾಡುವಾಗಲೇ ಪ್ರೋಗ್ರಾಮಿನೊಳಗೆ ಸೇರಿಹೋಗುವ ಸ್ಟ್ಯಾಟಿಕ್ ಲೈಬ್ರರಿಯ ಕಾಲದಲ್ಲಿ ಪ್ರೋಗ್ರಾಂ ತನ್ನದೇ ಮ್ಯಾಲಾಕ್ ಬರೆದುಕೊಂಡರೆ ಲೈಬ್ರರಿಯ ಮ್ಯಾಲಾಕ್ ಸುಮ್ಮನೆ ಬಿಟ್ಟುಹೋಗುತ್ತಿತ್ತು. ಶೇರ್ಡ್ ಲೈಬ್ರರಿಗಳು ಬಂದಾಗಲೂ ಅದೇ ವರ್ತನೆ ಉಳಿಯಬೇಕೆಂದು ಇಎಲ್‌ಎಫ್ ರೂಪಿಸಿದವರು ಬಯಸಿದರು. ಪರಿಣಾಮವಾಗಿ, ಹೊರಗೆ ಕಾಣುವ ಪ್ರತಿಯೊಂದು ಸಿಂಬಲ್ಲಿನ ನಿಜವಾದ ಅರ್ಥ ಪ್ರೋಗ್ರಾಂ ಶುರುವಾಗುವವರೆಗೆ ತೀರ್ಮಾನವಾಗುವುದಿಲ್ಲ. ನಾವು ಹೇಳಿದ ಲೈಬ್ರರಿಯನ್ನು ಉಳಿದವುಗಳಿಗಿಂತ ಮೊದಲು ಲೋಡ್ ಮಾಡಿಸುವ ‘ಎಲ್‌ಡಿ_ಪ್ರೀಲೋಡ್’ ಕೆಲಸ ಮಾಡುವುದು ಇದೇ ನಿಯಮದ ಬಲದಿಂದ.

ಈ ನಿಯಮವನ್ನು ಜಿಸಿಸಿ ಅಕ್ಷರಶಃ ಪಾಲಿಸುತ್ತದೆ: ‘-ಎಫ್‌ಪಿಕ್’ ಇದ್ದಾಗ ಹೊರಗೆ ಕಾಣುವ ಫಂಕ್ಷನ್ನನ್ನು ಅದೇ ಕಡತದ ಇನ್ನೊಂದು ಫಂಕ್ಷನ್ನು ಕರೆದರೂ ಜಿಸಿಸಿ ಇನ್‌ಲೈನ್ ಮಾಡುವುದಿಲ್ಲ, ಏಕೆಂದರೆ ಬೇರೆ ಯಾರೋ ಅದನ್ನು ಬದಲಿಸಬಹುದು. ಕ್ಲ್ಯಾಂಗ್ ಇಷ್ಟು ಕಟ್ಟುನಿಟ್ಟಲ್ಲ. ಅದು ಇನ್‌ಲೈನ್ ಮಾಡುತ್ತದೆ.

ಇದರ ಗಾತ್ರ ಎಷ್ಟೆಂಬುದಕ್ಕೆ ಪೈಥಾನ್ ಒಳ್ಳೆಯ ಉದಾಹರಣೆ. ಇಂಟರ್‌ಪ್ರಿಟರನ್ನು ಶೇರ್ಡ್ ಲೈಬ್ರರಿಯಾಗಿ ಕಟ್ಟುವಾಗ ‘-ಎಫ್‌ನೋ-ಸೆಮ್ಯಾಂಟಿಕ್-ಇಂಟರ್‌ಪೊಸಿಷನ್’ ಎಂಬ ಆಯ್ಕೆಯನ್ನು ಸೇರಿಸಿದ್ದರಿಂದ ಜಿಸಿಸಿಯಲ್ಲಿ ಶೇಕಡಾ 30ರವರೆಗೆ ವೇಗ ಹೆಚ್ಚಿತೆಂದು ಪೈಥಾನ್ 3.10ರ ಬಿಡುಗಡೆ ಟಿಪ್ಪಣಿ ಹೇಳುತ್ತದೆ. ಲೈಬ್ರರಿ ಹಾಗೆಯೇ ಶೇರ್ಡ್ ಆಗಿ ಉಳಿಯಿತು, ಕೋಡಿನಲ್ಲಿ ಒಂದು ಸಾಲೂ ಬದಲಾಗಲಿಲ್ಲ. ‘ನನ್ನ ಫಂಕ್ಷನ್ನುಗಳನ್ನು ಯಾರೂ ಅಡ್ಡಗಟ್ಟುವುದಿಲ್ಲ’ ಎಂದು ಕಂಪೈಲರಿಗೆ ಭರವಸೆ ಕೊಟ್ಟದ್ದಷ್ಟೇ.

ಹಾಗಾದರೆ ಲೈಬ್ರರಿ ಬರೆಯುವವರು ಮಾಡಬೇಕಾದ ಮೊದಲ ಕೆಲಸ ಯಾವುದು?

‘-ಎಫ್‌ವಿಸಿಬಿಲಿಟಿ=ಹಿಡನ್’ ಕೊಟ್ಟು ಎಲ್ಲವನ್ನೂ ಮರೆಮಾಡಿ, ಹೊರಗಿನವರು ಬಳಸಬೇಕಾದ ಫಂಕ್ಷನ್ನುಗಳನ್ನು ಮಾತ್ರ ಬಹಿರಂಗಪಡಿಸಿ. ಒಳಗಿನ ಕರೆಗಳು ನೇರವಾಗುತ್ತವೆ, ಸಿಂಬಲ್ ಕೋಷ್ಟಕ ಚಿಕ್ಕದಾಗುತ್ತದೆ, ಶುರುವಾಗುವಾಗಿನ ಹುಡುಕಾಟ ಕಡಿಮೆಯಾಗುತ್ತದೆ, ನಾಳೆ ಒಳಗಿನ ಫಂಕ್ಷನ್ನೊಂದನ್ನು ಕಿತ್ತುಹಾಕಿದರೆ ಯಾರೂ ದೂರುವುದಿಲ್ಲ. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಫಲ ಕೊಡುವ ಬೇರೆ ಉಪಾಯ ಈ ವಿಷಯದಲ್ಲಿ ಇಲ್ಲ. ಲಿಂಕರಿಗೆ ಕೊಡುವ ‘-ಬಿಸಿಂಬಾಲಿಕ್-ಫಂಕ್ಷನ್ಸ್’ ಹಳೆಯ ಕೋಡಿಗೆ ತಕ್ಕಮಟ್ಟಿನ ಪರ್ಯಾಯ.

ಪ್ರೋಗ್ರಾಂ ಶುರುವಾಗಲು ತಗಲುವ ಸಮಯ ಎಲ್ಲಿ ಹೋಗುತ್ತದೆ?

ಡೈನಾಮಿಕ್ ಲಿಂಕರ್ ಮಾಡುವ ತಿದ್ದುಪಡಿಗಳಲ್ಲಿ, ಅಂದರೆ ರೀಲೊಕೇಶನ್ನುಗಳಲ್ಲಿ, ಎರಡು ಬಗೆ. ಲೈಬ್ರರಿ ಕೂತ ವಿಳಾಸವನ್ನು ಒಂದು ಸಂಖ್ಯೆಗೆ ಕೂಡಿಸಿದರೆ ಮುಗಿಯುವ ಬಗೆ ಅಗ್ಗದ್ದು. ಹೆಸರಿನಿಂದ ಹುಡುಕಬೇಕಾದ ಬಗೆ ದುಬಾರಿ. ಪ್ರತಿ ಹೆಸರಿಗೂ ಮೊದಲು ಪ್ರೋಗ್ರಾಮನ್ನು, ನಂತರ ಅದು ಕೇಳಿದ ಲೈಬ್ರರಿಗಳನ್ನು, ನಂತರ ಅವು ಕೇಳಿದವುಗಳನ್ನು ಸರದಿಯಲ್ಲಿ ನೋಡಬೇಕು. ಹುಡುಕಬೇಕಾದ ಹೆಸರುಗಳು ಹೆಚ್ಚಿದಷ್ಟೂ, ಲೈಬ್ರರಿಗಳ ಸಂಖ್ಯೆ ಹೆಚ್ಚಿದಷ್ಟೂ, ಈ ಎರಡರ ಗುಣಲಬ್ಧದಂತೆ ಕೆಲಸ ಬೆಳೆಯುತ್ತದೆ. ಹತ್ತು ಸಾವಿರ ಹೆಸರುಗಳು ಮತ್ತು ನೂರು ಲೈಬ್ರರಿಗಳಿದ್ದರೆ, ಪ್ರತಿ ಹೆಸರೂ ಕೊನೆಯ ಲೈಬ್ರರಿಯಲ್ಲೇ ಸಿಗುವ ಕೆಟ್ಟ ಸಂದರ್ಭದಲ್ಲಿ, ಹತ್ತು ಲಕ್ಷ ಬಾರಿ ಕೋಷ್ಟಕ ನೋಡಬೇಕಾಗುತ್ತದೆ.

2006ರಲ್ಲಿ ಗ್ನೂ ಉಪಕರಣಗಳಿಗೆ ಬಂದ ಹೊಸ ಹ್ಯಾಶ್ ವಿನ್ಯಾಸ ಇದನ್ನು ಬಹಳ ಹಗುರಗೊಳಿಸಿತು. ಅದರ ಮುಂಭಾಗದಲ್ಲಿ ಬ್ಲೂಮ್ ಫಿಲ್ಟರ್ ಇರುತ್ತದೆ. ‘ಈ ಹೆಸರು ಇಲ್ಲಿ ಖಂಡಿತ ಇಲ್ಲ’ ಎಂಬ ಉತ್ತರ ಹೆಚ್ಚಿನ ಸಂದರ್ಭಗಳಲ್ಲಿ ಒಂದೇ ಮೆಮೊರಿ ಓದಿನಲ್ಲಿ ಸಿಗುತ್ತದೆ, ಮತ್ತು ಈ ಹುಡುಕಾಟದಲ್ಲಿ ‘ಇಲ್ಲ’ ಎಂಬ ಉತ್ತರವೇ ಅತಿ ಹೆಚ್ಚು ಬೇಕಾಗಿರುವುದು. ಅಗ್ಗದ ಬಗೆಯ ತಿದ್ದುಪಡಿಗಳಿಗೂ ಈಚೆಗೆ ಸುಧಾರಣೆ ಬಂದಿದೆ: 64 ಬಿಟ್ಟಿನ ಎಕ್ಸ್86ನಲ್ಲಿ ಪ್ರತಿ ತಿದ್ದುಪಡಿಯ ದಾಖಲೆ 24 ಬೈಟ್ ತೆಗೆದುಕೊಳ್ಳುತ್ತದೆ, 2022ರ ಜಿಲಿಬ್‌ಸಿ (ಗ್ನೂ ಸಿ ಲೈಬ್ರರಿ) 2.36 ಬೆಂಬಲಿಸುವ ಆರ್‌ಇಎಲ್‌ಆರ್ ವಿನ್ಯಾಸದಲ್ಲಿ 8 ಬೈಟಿನ ಒಂದು ನಕ್ಷೆ ಒತ್ತೊತ್ತಾಗಿರುವ 63 ಜಾಗಗಳವರೆಗೆ ಸೂಚಿಸಬಲ್ಲದು. ಇದರಿಂದ ಮುಖ್ಯವಾಗಿ ಕಡಿಮೆಯಾಗುವುದು ಕಡತದ ಗಾತ್ರ.

ಲೈಬ್ರರಿಗಳ ಸಂಖ್ಯೆಯನ್ನೇ ಇಳಿಸುವುದು ಇನ್ನೊಂದು ದಾರಿ. ಫೈರ್‌ಫಾಕ್ಸ್ ತನ್ನ ಬಹುಪಾಲು ಕೋಡನ್ನು ಲಿಬ್‌ಕ್ಸುಲ್ ಎಂಬ ಒಂದೇ ದೊಡ್ಡ ಲೈಬ್ರರಿಯಲ್ಲಿ ಇಟ್ಟಿರುವುದನ್ನು ಇಲ್ಲಿ ನೆನೆಯಬಹುದು. ವಿಚಿತ್ರವೆಂದರೆ ಕ್ರೋಮಿಯಂ ಕಟ್ಟುವವರು ಅಭಿವೃದ್ಧಿಯ ಸಮಯದಲ್ಲಿ ಇದಕ್ಕೆ ತದ್ವಿರುದ್ಧವಾಗಿ, ಪ್ರೋಗ್ರಾಮನ್ನು ಬೇಕೆಂದೇ ಹಲವಾರು ಶೇರ್ಡ್ ಲೈಬ್ರರಿಗಳಾಗಿ ಒಡೆಯುತ್ತಾರೆ. ಶುರುವಾಗುವುದು ತಡವಾದರೂ ಪ್ರತಿ ಸಣ್ಣ ಬದಲಾವಣೆಯ ನಂತರ ಇಡೀ ಬ್ರೌಸರನ್ನು ಮತ್ತೆ ಲಿಂಕ್ ಮಾಡುವ ಕಾಯುವಿಕೆ ತಪ್ಪುತ್ತದೆ.

ಬೇಕಾದಾಗ ಮಾತ್ರ ಹುಡುಕುವ ಪದ್ಧತಿ ಒಳ್ಳೆಯದೇ, ಎಲ್ಲವನ್ನೂ ಮೊದಲೇ ಹುಡುಕಿಡುವುದು ಒಳ್ಳೆಯದೇ?

ವೇಗದ ದೃಷ್ಟಿಯಿಂದ ಮಾತ್ರ ನೋಡಿದರೆ, ಲೈಬ್ರರಿಯ ನೂರಾರು ಫಂಕ್ಷನ್ನುಗಳಲ್ಲಿ ಕೆಲವನ್ನಷ್ಟೇ ಕರೆದು ಮುಗಿಯುವ ಪ್ರೋಗ್ರಾಮಿಗೆ ಮೊದಲನೆಯದು ಲಾಭ. ಆದರೆ ಅದರಲ್ಲಿ ಜಿಓಟಿ ಕೊನೆಯವರೆಗೂ ಬರೆಯಬಹುದಾದ ಸ್ಥಿತಿಯಲ್ಲಿ ಉಳಿಯುತ್ತದೆ, ಮತ್ತು ಬರೆಯಬಹುದಾದ ಫಂಕ್ಷನ್ ವಿಳಾಸಗಳ ಕೋಷ್ಟಕವೆಂದರೆ ದಾಳಿಕೋರರಿಗೆ ಬಲು ಇಷ್ಟ. ಆದ್ದರಿಂದ ಅನೇಕ ಲಿನಕ್ಸ್ ವಿತರಣೆಗಳು ‘-ಜಡ್ ನೌ’ ಮತ್ತು ‘-ಜಡ್ ರೆಲ್‌ರೋ’ ಆಯ್ಕೆಗಳೊಂದಿಗೆ ಎಲ್ಲವನ್ನೂ ಮೊದಲೇ ಹುಡುಕಿ, ಆ ಪುಟಗಳನ್ನು ಓದಲು ಮಾತ್ರ ಎಂದು ಬೀಗ ಹಾಕುತ್ತವೆ. ಹೀಗೆ ಮಾಡಿದ ಮೇಲೆ ಪಿಎಲ್‌ಟಿಯ ತುಣುಕೇ ಅನಾವಶ್ಯಕ. ‘-ಎಫ್‌ನೋ-ಪಿಎಲ್‌ಟಿ’ ಕೊಟ್ಟರೆ ಕಂಪೈಲರ್ ಕರೆಯುವ ಜಾಗದಿಂದಲೇ ಜಿಓಟಿಯ ಮೂಲಕ ಕರೆಯುತ್ತದೆ. ತಡವಾಗಿ ಹುಡುಕುವುದರಲ್ಲಿ ಇನ್ನೊಂದು ತೊಡಕೂ ಇದೆ: ಹುಡುಕಾಟ ನಡುವೆ ಬಂದೆರಗುವುದರಿಂದ ಮೊದಲ ಕರೆಯ ಸಮಯ ಏರುಪೇರಾಗುತ್ತದೆ. ಸಮಯದ ಬಗ್ಗೆ ಕಟ್ಟುನಿಟ್ಟಾಗಿರಬೇಕಾದ ಪ್ರೋಗ್ರಾಮುಗಳು ಎಲ್ಲವನ್ನೂ ಮೊದಲೇ ಹುಡುಕಿಸುವ ‘ಎಲ್‌ಡಿ_ಬೈಂಡ್_ನೌ’ ಇಟ್ಟುಕೊಂಡೇ ಓಡುವುದು ಮೇಲು.

ಪ್ರೀಲಿಂಕ್ ಬಳಸಬಹುದೇ?

ಈಗ ಬೇಡ. ಪ್ರತಿ ಲೈಬ್ರರಿಗೂ ಮೊದಲೇ ವಿಳಾಸ ನಿಗದಿಪಡಿಸಿ, ತಿದ್ದುಪಡಿಗಳನ್ನು ಕಡತದಲ್ಲೇ ಮಾಡಿಡುವ ಆ ಉಪಕರಣ ಒಂದು ಕಾಲಕ್ಕೆ ಉಪಯುಕ್ತವಾಗಿತ್ತು. ಯಾದೃಚ್ಛಿಕ ವಿಳಾಸಗಳೊಂದಿಗೆ ಅದು ಹೊಂದುವುದಿಲ್ಲ, ಮತ್ತು ಜಿಲಿಬ್‌ಸಿ ಅದರ ಬೆಂಬಲವನ್ನು ಕೈಬಿಟ್ಟಿದೆ. ಆ ಆಲೋಚನೆ ಬೇರೊಂದು ರೂಪದಲ್ಲಿ ಮ್ಯಾಕ್ಓಎಸ್‌ನಲ್ಲಿ ಬದುಕಿದೆ: ಅಲ್ಲಿ ಸಿಸ್ಟಮಿನ ಲೈಬ್ರರಿಗಳನ್ನೆಲ್ಲ ಮೊದಲೇ ಪರಸ್ಪರ ಜೋಡಿಸಿ ಒಂದೇ ದೊಡ್ಡ ಕ್ಯಾಶ್ ಆಗಿ ಇಡಲಾಗುತ್ತದೆ, ಮತ್ತು 2020ರ ಬಿಗ್ ಸರ್‌ನಿಂದ ಮುಂದೆ ಆ ಲೈಬ್ರರಿಗಳು ಡಿಸ್ಕಿನಲ್ಲಿ ಬಿಡಿ ಕಡತಗಳಾಗಿ ಸಿಗುವುದೂ ಇಲ್ಲ. ಮ್ಯಾಕ್ಓಎಸ್‌ನಲ್ಲಿ ಸಿಂಬಲ್ಲಿನ ಜೊತೆಗೆ ಅದು ಯಾವ ಲೈಬ್ರರಿಯದ್ದು ಎಂಬುದನ್ನೂ ಲಿಂಕ್ ಮಾಡುವಾಗಲೇ ಬರೆದಿಡುವುದರಿಂದ ಎಲ್ಲ ಲೈಬ್ರರಿಗಳನ್ನೂ ತಡಕಾಡುವ ಅಗತ್ಯವಿಲ್ಲ. ಅಡ್ಡಗಟ್ಟುವ ನಿಯಮವಿಲ್ಲದ ಹಂಚಿಕೆ ಹೇಗಿರಬಹುದೆಂದು ನೋಡಬಯಸುವವರಿಗೆ ಇದು ಓಡುತ್ತಿರುವ ನಿದರ್ಶನ.

ಮೆಮೊರಿ ನಿಜವಾಗಿಯೂ ಉಳಿಯುತ್ತದೆಯೇ?

ಸಿ ಲೈಬ್ರರಿಯಂತೆ ಎಲ್ಲ ಪ್ರೊಸೆಸ್ಸುಗಳೂ ಬಳಸುವ ಲೈಬ್ರರಿಯಲ್ಲಿ ಖಂಡಿತ ಉಳಿಯುತ್ತದೆ. ಅದರ ಕೋಡಿನ ಪುಟಗಳು ಭೌತಿಕ ಮೆಮೊರಿಯಲ್ಲಿ ಒಂದೇ ಪ್ರತಿಯಾಗಿದ್ದು ಎಲ್ಲರಿಗೂ ಕಾಣುತ್ತವೆ, ಪ್ರೊಸೆಸರಿನ ಕ್ಯಾಶಿನಲ್ಲೂ ಆ ಪ್ರತಿಯೇ ಬೆಚ್ಚಗಿರುತ್ತದೆ. ಆದರೆ ಇಲ್ಲಿ ಎರಡು ತಪ್ಪು ತಿಳುವಳಿಕೆಗಳು ಸಾಮಾನ್ಯ.

ಮೊದಲನೆಯದಾಗಿ, ಸ್ಟ್ಯಾಟಿಕ್ ಪ್ರೋಗ್ರಾಮುಗಳೂ ಹಂಚಿಕೊಳ್ಳುತ್ತವೆ. ಒಂದೇ ಸ್ಟ್ಯಾಟಿಕ್ ಪ್ರೋಗ್ರಾಮನ್ನು ಇನ್ನೂರು ಬಾರಿ ಓಡಿಸಿದರೂ ಅದರ ಕೋಡು ಮೆಮೊರಿಯಲ್ಲಿ ಒಂದೇ ಪ್ರತಿ. ಶೇರ್ಡ್ ಲೈಬ್ರರಿಯ ಲಾಭ ಬೇರೆ ಬೇರೆ ಪ್ರೋಗ್ರಾಮುಗಳು ಒಂದೇ ಕೋಡನ್ನು ಬಳಸುವಾಗ ಮಾತ್ರ. ಒಂದೇ ಪ್ರೋಗ್ರಾಂ ಬಳಸುವ ಲೈಬ್ರರಿಯನ್ನು ಶೇರ್ಡ್ ಆಗಿ ಕಟ್ಟಿದರೆ ಮೆಮೊರಿಯಲ್ಲಿ ನಷ್ಟವೇ ಹೆಚ್ಚು, ಏಕೆಂದರೆ ಲಿಂಕರಿಗೆ ಬಳಕೆಯಾಗದ ಫಂಕ್ಷನ್ನುಗಳನ್ನು ಕಿತ್ತುಹಾಕುವ ಅವಕಾಶ ತಪ್ಪುತ್ತದೆ.

ಎರಡನೆಯದಾಗಿ, ಲೈಬ್ರರಿಯ ಎಲ್ಲ ಪುಟಗಳೂ ಹಂಚಿಕೆಯಾಗುವುದಿಲ್ಲ. ಜಿಓಟಿ, ಬದಲಾಗುವ ಡೇಟಾ, ವಿಳಾಸಗಳನ್ನು ಒಳಗೊಂಡ ಸ್ಥಿರ ಕೋಷ್ಟಕಗಳು ಇವನ್ನೆಲ್ಲ ಡೈನಾಮಿಕ್ ಲಿಂಕರ್ ಮುಟ್ಟಿದ ಕೂಡಲೇ ಕರ್ನಲ್ ಆ ಪ್ರೊಸೆಸ್ಸಿಗೆಂದೇ ಪ್ರತ್ಯೇಕ ಪ್ರತಿ ಮಾಡುತ್ತದೆ. ಒಂದು ಬೈಟ್ ತಿದ್ದಿದರೂ 4 ಕಿಲೋಬೈಟಿನ ಇಡೀ ಪುಟ ನಕಲಾಗುತ್ತದೆ. ನೂರು ಲೈಬ್ರರಿಗಳಲ್ಲಿ ತಲಾ ಐದು ಪುಟ ಹೀಗೆ ನಕಲಾದರೆ ಪ್ರತಿ ಪ್ರೊಸೆಸ್ಸಿಗೆ 2,000 ಕಿಲೋಬೈಟ್; ಅಂತಹ ಐವತ್ತು ಪ್ರೊಸೆಸ್ಸುಗಳಿದ್ದರೆ ಸುಮಾರು 98 ಮೆಗಾಬೈಟ್. ಸಿ ಭಾಷೆಯಲ್ಲಿ ದೋಷ ಸಂದೇಶಗಳ ಪಟ್ಟಿಯನ್ನು ಪಾಯಿಂಟರುಗಳ ಅರೇ ಆಗಿ ಬರೆದರೆ ಪ್ರತಿ ಪಾಯಿಂಟರೂ ಒಂದು ತಿದ್ದುಪಡಿ. ಅದರ ಬದಲು ಎಲ್ಲ ಸಂದೇಶಗಳನ್ನು ಒಂದೇ ಉದ್ದದ ಅಕ್ಷರಮಾಲೆಯಲ್ಲಿಟ್ಟು, ಎಷ್ಟನೆಯ ಬೈಟಿನಿಂದ ಶುರು ಎಂಬ ಸಂಖ್ಯೆಗಳ ಕೋಷ್ಟಕ ಇಟ್ಟರೆ ತಿದ್ದುಪಡಿಯೇ ಇಲ್ಲ, ಎಲ್ಲವೂ ಹಂಚಿಕೆಯ ಪುಟಗಳಲ್ಲೇ ಉಳಿಯುತ್ತದೆ.

ಸಿ++ ಪ್ರೋಗ್ರಾಮುಗಳಿಗೆ ಈ ಭಾರ ಹೆಚ್ಚೇ?

ಹೆಚ್ಚು. ವರ್ಚುವಲ್ ಫಂಕ್ಷನ್ನುಗಳ ಕೋಷ್ಟಕಗಳೆಲ್ಲ ವಿಳಾಸಗಳೇ, ಹೆಸರುಗಳು ಬಹಳ ಉದ್ದ, ಮೊದಲ ನೂರಿನ್ನೂರು ಅಕ್ಷರಗಳು ಒಂದೇ ಆಗಿರುವ ಹೆಸರುಗಳೂ ಅಪರೂಪವಲ್ಲ. 2000ದ ಆಸುಪಾಸಿನಲ್ಲಿ ಕೆಡಿಇ ಡೆಸ್ಕ್‌ಟಾಪಿನ ತಂಡ ಇದಕ್ಕೆ ಕೆಡಿಇನಿಟ್ ಎಂಬ ಉಪಾಯ ಹೂಡಿತು: ಒಂದು ಪ್ರೊಸೆಸ್ ಎಲ್ಲ ದೊಡ್ಡ ಲೈಬ್ರರಿಗಳನ್ನು ಲೋಡ್ ಮಾಡಿ, ತಿದ್ದುಪಡಿ ಮುಗಿಸಿಕೊಂಡು ಕಾದಿರುತ್ತಿತ್ತು, ಹೊಸ ಅಪ್ಲಿಕೇಶನ್ ಬೇಕಾದಾಗ ಅದು ಹೊಸ ಪ್ರೋಗ್ರಾಂ ಕಡತವನ್ನು ತರುವ ಎಕ್ಸೆಕ್ ಮಾಡದೆ, ತನ್ನದೇ ಪ್ರತಿಯನ್ನು ಹುಟ್ಟಿಸುವ ಫೋರ್ಕ್ ಮಾತ್ರ ಮಾಡುತ್ತಿತ್ತು. ತಿದ್ದಿದ ಪುಟಗಳು ಹಾಗೆಯೇ ಮಗು ಪ್ರೊಸೆಸ್ಸಿಗೂ ಹಂಚಿಕೆಯಾಗುತ್ತಿದ್ದವು. ಆಂಡ್ರಾಯ್ಡಿನ ಜೈಗೋಟ್ ಪ್ರೊಸೆಸ್ ಇಂದಿಗೂ ಇದೇ ತತ್ತ್ವದ ಮೇಲೆ ನಿಂತಿದೆ. ಇದರ ಬೆಲೆಯೆಂದರೆ, ಹಾಗೆ ಹುಟ್ಟಿದ ಎಲ್ಲ ಪ್ರೊಸೆಸ್ಸುಗಳಲ್ಲೂ ಲೈಬ್ರರಿಗಳ ವಿಳಾಸ ಒಂದೇ ಆಗಿರುತ್ತದೆ.

ಲೈಬ್ರರಿಯಲ್ಲಿ ಥ್ರೆಡ್‌ಗೆ ಸೀಮಿತವಾದ ವೇರಿಯಬಲ್‌ಗಳನ್ನು ಬಳಸಿದರೆ?

ಮುಖ್ಯ ಪ್ರೋಗ್ರಾಮಿನಲ್ಲಿ ಅಂತಹ ವೇರಿಯಬಲ್ಲನ್ನು ಓದುವುದು ಒಂದೇ ಸೂಚನೆಯ ಕೆಲಸ. ಡಿಎಲ್ಓಪನ್‌ನಿಂದ ಯಾವಾಗ ಬೇಕಾದರೂ ಲೋಡ್ ಆಗಬಹುದಾದ ಲೈಬ್ರರಿಯಲ್ಲಿ ಅದಕ್ಕೊಂದು ಫಂಕ್ಷನ್ ಕರೆಯೇ ಬೇಕಾಗಬಹುದು. ಬಿಗಿಯಾದ ಲೂಪಿನಲ್ಲಿ ಅಂತಹ ವೇರಿಯಬಲ್ಲಿನ ವಿಳಾಸವನ್ನು ಲೂಪಿಗೆ ಮೊದಲೇ ಒಂದು ಸ್ಥಳೀಯ ಪಾಯಿಂಟರಿಗೆ ತೆಗೆದಿಟ್ಟುಕೊಳ್ಳಿ.

ಹಾಗಿದ್ದರೆ ಎಲ್ಲವನ್ನೂ ಸ್ಟ್ಯಾಟಿಕ್ ಆಗಿ ಲಿಂಕ್ ಮಾಡಿಬಿಟ್ಟರೆ ಆಗದೇ?

ಕೆಲವೆಡೆ ಅದೇ ಸರಿ. ಓಪನ್‌ಬಿಎಸ್‌ಡಿ ಇಂದಿಗೂ ‘/ಬಿನ್’ ಮತ್ತು ‘/ಎಸ್‌ಬಿನ್’ ಒಳಗಿನ ಆದೇಶಗಳನ್ನು ಸ್ಟ್ಯಾಟಿಕ್ ಆಗಿಯೇ ಕಟ್ಟುತ್ತದೆ. ಫ್ರೀಬಿಎಸ್‌ಡಿ ಅವನ್ನು ಡೈನಾಮಿಕ್ ಮಾಡಿದಾಗ, ಲೈಬ್ರರಿ ಕೆಟ್ಟರೂ ಯಂತ್ರವನ್ನು ಎಬ್ಬಿಸಲು ಬೇಕಾಗುತ್ತದೆಂದು ‘/ರೆಸ್ಕ್ಯೂ’ ಎಂಬಲ್ಲಿ ಸ್ಟ್ಯಾಟಿಕ್ ಪ್ರತಿಗಳನ್ನು ಇಟ್ಟಿತು. ಶುದ್ಧ ಗೋ ಭಾಷೆಯ ಪ್ರೋಗ್ರಾಮುಗಳು ಸಹಜವಾಗಿಯೇ ಸ್ಟ್ಯಾಟಿಕ್. ಇಡೀ ಪ್ರೋಗ್ರಾಮನ್ನು ಒಟ್ಟಿಗೆ ನೋಡಿ ಚುರುಕುಗೊಳಿಸಲು ಕಂಪೈಲರಿಗೆ ಸಾಧ್ಯವಾಗುವುದು ಇದರ ದೊಡ್ಡ ಲಾಭ.

ನಷ್ಟವೆಂದರೆ ದುರಸ್ತಿ. 2014ರಲ್ಲಿ ಗೂಢಲಿಪೀಕರಣದ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ, ಶೇರ್ಡ್ ಲೈಬ್ರರಿ ಬಳಸಿದ್ದ ಯಂತ್ರಗಳಲ್ಲಿ ಆ ಲೈಬ್ರರಿಯನ್ನು ಬದಲಿಸಿ ಸರ್ವರುಗಳನ್ನು ಮರುಪ್ರಾರಂಭಿಸಿದರೆ ದೋಷಪೂರಿತ ಕೋಡು ಹೋಗುತ್ತಿತ್ತು. ಸ್ಟ್ಯಾಟಿಕ್ ಆಗಿ ಅದನ್ನು ಹೊತ್ತಿದ್ದ ಪ್ರತಿ ಪ್ರೋಗ್ರಾಮನ್ನೂ ಪತ್ತೆಹಚ್ಚಿ ಮತ್ತೆ ಕಟ್ಟಬೇಕಿತ್ತು. ಜಿಲಿಬ್‌ಸಿಯನ್ನು ಸ್ಟ್ಯಾಟಿಕ್ ಆಗಿ ಲಿಂಕ್ ಮಾಡಿದರೂ ಬಳಕೆದಾರರ ಹೆಸರು, ಹೋಸ್ಟ್ ಹೆಸರುಗಳನ್ನು ಹುಡುಕುವಾಗ ಅದು ಶೇರ್ಡ್ ಲೈಬ್ರರಿಗಳನ್ನು ಲೋಡ್ ಮಾಡಲು ಹೋಗುತ್ತದೆ ಎಂಬುದೂ ಗೊತ್ತಿರಲಿ. ಪೂರ್ಣ ಸ್ಟ್ಯಾಟಿಕ್ ಬೇಕೆನ್ನುವವರು ಮಸಲ್ ಎಂಬ ಬೇರೊಂದು ಸಿ ಲೈಬ್ರರಿಯತ್ತ ಹೋಗುವುದು ಇದೇ ಕಾರಣಕ್ಕೆ.

ನನ್ನ ಪ್ರೋಗ್ರಾಮಿನಲ್ಲಿ ಯಾವ ವೆಚ್ಚ ದೊಡ್ಡದೆಂದು ತಿಳಿಯುವುದು ಹೇಗೆ?

ಜಿಲಿಬ್‌ಸಿ ಇರುವಲ್ಲಿ ‘ಎಲ್‌ಡಿ_ಡೀಬಗ್=ಸ್ಟ್ಯಾಟಿಸ್ಟಿಕ್ಸ್’ ಎಂದು ಇಟ್ಟು ಪ್ರೋಗ್ರಾಮನ್ನು ಓಡಿಸಿ. ಡೈನಾಮಿಕ್ ಲಿಂಕರಿನಲ್ಲಿ ಕಳೆದ ಒಟ್ಟು ಸಮಯ, ಅದರಲ್ಲಿ ತಿದ್ದುಪಡಿಗೆ ಹೋದ ಪಾಲು, ಕಡತಗಳನ್ನು ಲೋಡ್ ಮಾಡಲು ಹೋದ ಪಾಲು, ತಿದ್ದುಪಡಿಗಳ ಸಂಖ್ಯೆ ಎಲ್ಲವೂ ಪರದೆಯ ಮೇಲೆ ಬರುತ್ತವೆ. ಲೋಡ್ ಮಾಡುವ ಪಾಲೇ ದೊಡ್ಡದಾಗಿದ್ದರೆ ಪ್ರೋಗ್ರಾಂ ಮಾಡುವ ಸಿಸ್ಟಂ ಕರೆಗಳನ್ನು ತೋರಿಸುವ ‘ಎಸ್‌ಟ್ರೇಸ್’ ಹಾಕಿ ನೋಡಿ. ಲೈಬ್ರರಿಗಳನ್ನು ಎಲ್ಲೆಲ್ಲಿ ಹುಡುಕಬೇಕೆಂದು ಹೇಳುವ ರನ್‌ಪಾತ್‌ನಲ್ಲಿ ಹತ್ತಾರು ಡೈರೆಕ್ಟರಿಗಳಿದ್ದು, ಪ್ರತಿ ಲೈಬ್ರರಿಗೂ ಅವುಗಳಲ್ಲೆಲ್ಲ ಹುಡುಕಿ ವಿಫಲವಾದ ‘ಓಪನ್ಅಟ್’ ಕರೆಗಳ ಉದ್ದ ಸಾಲು ಕಾಣಬಹುದು. ನೆಟ್‌ವರ್ಕ್ ಮೂಲಕ ಬರುವ ಕಡತ ವ್ಯವಸ್ಥೆಯಲ್ಲಿ ಈ ವಿಫಲ ಹುಡುಕಾಟಗಳೇ ಉಳಿದೆಲ್ಲಕ್ಕಿಂತ ದುಬಾರಿಯಾಗುವುದುಂಟು.

ಮೆಮೊರಿಗಾಗಿ ‘/ಪ್ರಾಕ್’ ಅಡಿಯಲ್ಲಿರುವ ಎಸ್‌ಮ್ಯಾಪ್ಸ್ ಕಡತವನ್ನು ಓದಿ. ಅಲ್ಲಿ ಪ್ರತಿ ಮ್ಯಾಪಿಂಗಿಗೂ ‘ಪ್ರೈವೇಟ್_ಡರ್ಟಿ’ ಎಂಬ ಸಾಲಿರುತ್ತದೆ. ಹಂಚಿಕೆಯಾಗದೆ ಉಳಿದದ್ದು ಅದು. ಪ್ರೊಸೆಸ್ ಭೌತಿಕ ಮೆಮೊರಿಯಲ್ಲಿ ಹಿಡಿದಿರುವ ಒಟ್ಟು ಗಾತ್ರವನ್ನು ಹೇಳುವ ಆರ್‌ಎಸ್‌ಎಸ್ ಅಂಕಿಗಳನ್ನು ಪ್ರೊಸೆಸ್ಸುಗಳಾದ್ಯಂತ ಕೂಡಬೇಡಿ, ಹಂಚಿಕೆಯ ಪುಟಗಳು ಮತ್ತೆ ಮತ್ತೆ ಎಣಿಕೆಯಾಗುತ್ತವೆ. ಕೂಡಲು ಯೋಗ್ಯವಾದದ್ದು ಪಿಎಸ್‌ಎಸ್: ಹತ್ತು ಪ್ರೊಸೆಸ್ಸುಗಳು ಬಳಸುವ ಪುಟದ ಹತ್ತನೆಯ ಒಂದು ಭಾಗವನ್ನಷ್ಟೇ ಅದು ಪ್ರತಿಯೊಂದರ ಲೆಕ್ಕಕ್ಕೆ ಸೇರಿಸುತ್ತದೆ.

ಓಡುತ್ತಿರುವ ಪ್ರೋಗ್ರಾಮಿನ ಲೈಬ್ರರಿಯನ್ನು ಬದಲಿಸಿದರೆ ಏನಾಗುತ್ತದೆ?

ಹೊಸ ಕಡತವನ್ನು ಬೇರೆ ಹೆಸರಿನಲ್ಲಿ ಬರೆದು ನಂತರ ರೀನೇಮ್ ಮಾಡಿದ್ದರೆ ಏನೂ ಆಗುವುದಿಲ್ಲ. ಓಡುತ್ತಿರುವ ಪ್ರೊಸೆಸ್ ಹಳೆಯ ಕಡತವನ್ನೇ ಹಿಡಿದಿರುತ್ತದೆ, ಅದರ ಮ್ಯಾಪ್ಸ್ ಕಡತದಲ್ಲಿ ಆ ಹೆಸರಿನ ಮುಂದೆ ‘ಡಿಲೀಟೆಡ್’ ಎಂದು ಕಾಣುತ್ತದೆ. ಎಲ್ಲ ಪ್ರೊಸೆಸ್ಸುಗಳೂ ಮರುಪ್ರಾರಂಭವಾಗುವವರೆಗೆ ಹಳೆಯದು ಮತ್ತು ಹೊಸದು ಎರಡೂ ಮೆಮೊರಿಯಲ್ಲಿರುತ್ತವೆ. ಹಳೆಯ ಕಡತದ ಮೇಲೆಯೇ ‘ಸಿಪಿ’ಯಿಂದ ಬರೆದರೆ ಮಾತ್ರ, ಕೋಡಿನ ಪುಟಗಳು ಓಡುತ್ತಿರುವ ಪ್ರೋಗ್ರಾಮಿನ ಕಾಲಡಿಯಲ್ಲೇ ಬದಲಾಗಿ ಅದು ಕುಸಿದುಬೀಳುತ್ತದೆ. ‘ಇನ್‌ಸ್ಟಾಲ್’ ಆದೇಶ ಹಳೆಯ ಕಡತವನ್ನು ಮೊದಲು ತೆಗೆದುಹಾಕಿ ಹೊಸದನ್ನು ಸೃಷ್ಟಿಸುವುದರಿಂದ ಕೈಯಾರೆ ಬದಲಿಸುವಾಗ ಅದನ್ನೇ ಬಳಸಿ.